ಬಿಚ್ಚೋಕೆ ಮುಂಚೆ ಅಳೀರಿ, ಜೋಡಿಸುವಾಗ ಇನ್ನೊಂದ್ಸಲ ಅಳೀರಿ

ಪ್ರಶ್ನೆ: ಸರ್, ನಾನು ಬೆಂಗಳೂರಿನ ವಿಜಯನಗರದಲ್ಲಿರೋದು, ವಯಸ್ಸು 26. ಹೋದ ತಿಂಗಳು 2016ರ ಫಿಯಟ್ ಅಬಾರ್ತ್ ಪುಂಟೋ ಸೆಕೆಂಡ್ ಹ್ಯಾಂಡ್ ತಗೊಂಡೆ, 82,000 ಕಿಮೀ ಓಡಿದೆ, ಸ್ವಲ್ಪ ಆಯಿಲ್ ಕುಡೀತಿದೆ. ಮನೆ ಕೆಳಗಡೆ ಪಾರ್ಕಿಂಗ್ ನಮ್ದೇ. ನಾನೂ ನನ್ ಫ್ರೆಂಡೂ ಸೇರ್ಕೊಂಡು ಇಂಜಿನ್ ಇಳಿಸಿ ಫೋರ್ಜ್ಡ್ ಪಿಸ್ಟನ್ (ಬಡಿದು ಗಟ್ಟಿ ಮಾಡಿದ್ದು), ದೊಡ್ಡ ಟರ್ಬೋ (ಇಂಜಿನ್‌ಗೆ ಗಾಳಿ ಒತ್ತಿ ತುಂಬೋದು) ಹಾಕಿ 200 ಎಚ್‌ಪಿ ದಾಟಿಸ್ಬೇಕು ಅಂತ ಆಸೆ. ಮನೇಲೇ ಮಾಡ್ಬಹುದಾ? ಎಲ್ಲಿಂದ ಶುರು ಮಾಡ್ಲಿ?

ಉತ್ತರ: ಮನೇಲೇ ಮಾಡ್ಬಹುದು, ಅದರಲ್ಲಿ ಅನುಮಾನ ಬೇಡ, ನಾನೂ ಮೊದಲ ಇಂಜಿನ್ ಬಿಚ್ಚಿದ್ದು ಬಾಡಿಗೆ ಮನೆಯ ಶೆಡ್ಡಲ್ಲೇ. ಆದ್ರೆ ನಿಮ್ಮ ಪತ್ರದಲ್ಲಿ ಪಿಸ್ಟನ್, ಟರ್ಬೋ, 200 ಎಚ್‌ಪಿ ಅಂತ ಇಷ್ಟೆಲ್ಲಾ ಬರೆದಿರೋದ್ರಲ್ಲಿ ನನಗೆ ಕಣ್ಣಿಗೆ ಬಿದ್ದಿದ್ದು ಒಂದೇ ಮಾತು, "ಸ್ವಲ್ಪ ಆಯಿಲ್ ಕುಡೀತಿದೆ". ಮೊದಲು ಅದು ಯಾಕೆ ಅಂತ ತಿಳ್ಕೊಳ್ಳದೆ ಒಂದು ಸ್ಪ್ಯಾನರೂ ಕೈಗೆತ್ಕೋಬೇಡಿ. ಇಂಜಿನ್ ಒಂದ್ಸಲ ಬಿಚ್ಚಿ ಹರಡಿಬಿಟ್ರೆ ಅದು ಯಾಕೆ ಆಯಿಲ್ ಕುಡೀತಿತ್ತು ಅಂತ ಕೇಳೋಕೆ ಇಂಜಿನ್ನೇ ಇರಲ್ಲ, ಬರೀ ಪಾರ್ಟ್ಸ್ ಇರತ್ತೆ.

ಟರ್ಬೋ ಗಾಡಿ ಆಯಿಲ್ ಕುಡಿಯೋಕೆ ದಾರಿ ತುಂಬಾ ಇದೆ. ರಾತ್ರಿಯೆಲ್ಲಾ ನಿಂತ ಗಾಡಿ ಬೆಳಿಗ್ಗೆ ಸ್ಟಾರ್ಟ್ ಮಾಡಿದ ತಕ್ಷಣ ಒಂದು ಸಲ ನೀಲಿ ಹೊಗೆ ಬಂದು ಆಮೇಲೆ ನಿಂತುಹೋದ್ರೆ ವಾಲ್ವ್ ಸೀಲ್ ಗಟ್ಟಿಯಾಗಿದೆ ಅಂತ ಅರ್ಥ. ಲೋಡ್ ಕೊಟ್ಟು ಎಳೆಯುವಾಗೆಲ್ಲಾ ಹೊಗೆ ಬಂದ್ರೆ ಪಿಸ್ಟನ್ ಸುತ್ತ ಇರೋ ರಿಂಗ್ ಕಡೆ ಅನುಮಾನ. ಇಂಟರ್‌ಕೂಲರ್ (ಟರ್ಬೋ ಒತ್ತಿದ ಬಿಸಿ ಗಾಳಿ ತಂಪು ಮಾಡೋದು) ಪೈಪ್ ಬಿಚ್ಚಿ ನೋಡಿದಾಗ ಒಳಗಡೆ ತೆಳ್ಳಗೆ ಪಸೆ ಇದ್ರೆ ಚಿಂತೆ ಇಲ್ಲ, ಅದು ಎಲ್ಲಾ ಟರ್ಬೋ ಗಾಡೀಲೂ ಇರತ್ತೆ, ಆದ್ರೆ ಬಗ್ಗಿಸಿದ್ರೆ ಸುರಿಯೋಷ್ಟು ಆಯಿಲ್ ಇದ್ರೆ ಟರ್ಬೋ ಸೀಲೋ, ಇಲ್ಲಾ ಇಂಜಿನ್ ಉಸಿರಾಡೋ ಬ್ರೀದರ್ ಪೈಪ್ ಕಟ್ಟಿಕೊಂಡಿದ್ಯೋ ನೋಡ್ಬೇಕು. ಬ್ರೀದರ್ ಕಟ್ಟಿದ್ರೆ ಕ್ರ್ಯಾಂಕ್‌ಕೇಸ್ ಒಳಗೆ ಪ್ರೆಷರ್ ಏರಿ, ಟರ್ಬೋಯಿಂದ ವಾಪಸ್ ಇಳೀಬೇಕಾದ ಆಯಿಲ್ ಇಳಿಯೋಕಾಗದೆ ಸೀಲ್ ದಾಟಿ ಹೊರಗೆ ಬರತ್ತೆ, ಜನ ಪಾಪ ಟರ್ಬೋನೇ ಹೋಯ್ತು ಅಂತ ಬದಲಾಯಿಸಿಬಿಡ್ತಾರೆ, ಹೊಸ ಟರ್ಬೋನೂ ಅದೇ ಥರ ಸೋರತ್ತೆ. ಪೈಪ್ ಕ್ಲೀನ್ ಮಾಡಿದ್ರೆ ಮುಗಿಯೋ ಕೆಲಸಕ್ಕೆ ಇಂಜಿನ್ ಇಳಿಸಿದವರನ್ನ ನಾನು ನೋಡಿದೀನಿ.

ಆಮೇಲೆ ಕಂಪ್ರೆಷನ್ ಟೆಸ್ಟ್, ಅಂದ್ರೆ ಒಂದೊಂದು ಸಿಲಿಂಡರೂ ಗಾಳೀನ ಎಷ್ಟು ಒತ್ತಡಕ್ಕೆ ಒತ್ತತ್ತೆ ಅಂತ ಅಳೆಯೋದು. ಗೇಜ್ ಜೆಸಿ ರೋಡಲ್ಲಿ ಸಿಗತ್ತೆ. ಇಂಜಿನ್ ಬಿಸಿ ಮಾಡಿ, ನಾಲ್ಕೂ ಪ್ಲಗ್ ತೆಗೆದು, ಫ್ಯೂಯಲ್ ಪಂಪ್ ಫ್ಯೂಸೂ ಇಗ್ನಿಷನ್ ಕಾಯಿಲ್ ಕನೆಕ್ಟರೂ ತೆಗೆದು, ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿದು ನಾಲ್ಕೂ ಸಿಲಿಂಡರ್‌ಗೆ ಒಂದೇ ಲೆಕ್ಕದಷ್ಟು ಸಲ ಕ್ರ್ಯಾಂಕ್ ಮಾಡಿ (ಸ್ಟಾರ್ಟರ್‌ನಿಂದ ಇಂಜಿನ್ ತಿರುಗಿಸಿ). ಇಲ್ಲೊಂದು ವಿಷಯ ಬೆಂಗಳೂರಿನವರು ಯಾವಾಗ್ಲೂ ಮರೀತಾರೆ. ನಾವಿರೋದು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲೆ, ಇಲ್ಲಿ ಗಾಳಿ ಒತ್ತಡವೇ ಸುಮಾರು 10 ಪರ್ಸೆಂಟ್ ಕಮ್ಮಿ, ಹಂಗಾಗಿ ಮ್ಯಾನ್ಯುಯಲ್‌ನಲ್ಲಿ 12 ಬಾರ್ ಅಂತ ಇದ್ರೆ ನಿಮ್ಮ ಗೇಜಲ್ಲಿ 10.8ರ ಹತ್ತಿರ ಬಂದ್ರೂ ಇಂಜಿನ್ ಚೆನ್ನಾಗೇ ಇದೆ. ಬರೀ ನಂಬರ್ ನೋಡಿ ಹೆದರಬೇಡಿ, ನಾಲ್ಕು ಸಿಲಿಂಡರ್ ನಡುವಿನ ವ್ಯತ್ಯಾಸ ನೋಡಿ, ಅದು 10 ಪರ್ಸೆಂಟ್ ಒಳಗಿರ್ಬೇಕು. ಮೂರು 10.5 ತೋರಿಸಿ ಒಂದು ಮಾತ್ರ 8 ತೋರಿಸಿದ್ರೆ ಆ ಸಿಲಿಂಡರ್‌ಗೆ ಪ್ಲಗ್ ತೂತಿಂದ ಒಂದು ಸ್ಪೂನ್ ಇಂಜಿನ್ ಆಯಿಲ್ ಬಿಟ್ಟು ಮತ್ತೆ ಅಳೀರಿ, ರೀಡಿಂಗ್ ಮೇಲೆದ್ರೆ ರಿಂಗ್ ಸವೆದಿದೆ, ಏಳದೇ ಹೋದ್ರೆ ವಾಲ್ವೋ ಹೆಡ್ ಗ್ಯಾಸ್ಕೆಟ್ಟೋ. ಅರ್ಧ ದಿನದ ಕೆಲಸ ಇದು, ಆದ್ರೆ ಇಂಜಿನ್ ಇಳಿಸ್ಬೇಕೋ ಬೇಡ್ವೋ ಅನ್ನೋದು ಇಲ್ಲೇ ತೀರ್ಮಾನ ಆಗತ್ತೆ.

ಸರಿ, ಇಳಿಸಲೇಬೇಕು ಅಂತಾಯ್ತು ಅಂದ್ಕೊಳಿ.

ಮೊದಲು ಜಾಗ. ಪಾರ್ಕಿಂಗ್ ನೆಲ ಮಟ್ಟವಾಗಿರ್ಬೇಕು, ನಮ್ಮ ಕಡೆ ನೀರು ಹರಿದುಹೋಗಲಿ ಅಂತ ಗೇಟ್ ಕಡೆಗೆ ಇಳಿಜಾರು ಬಿಟ್ಟಿರ್ತಾರೆ, ಚಕ್ರಕ್ಕೆ ಎರಡೂ ಕಡೆ ಅಡ್ಡ ಕೊಡದೆ ಗಾಡಿ ಎತ್ತಬೇಡಿ. ಜಾಕ್ ಇರೋದು ಎತ್ತೋಕೆ ಮಾತ್ರ, ಗಾಡಿ ನಿಲ್ಲಿಸೋಕೆ ಸ್ಟ್ಯಾಂಡ್ ಬೇಕು, ಇಟ್ಟಿಗೆ, ಸಿಮೆಂಟ್ ಬ್ಲಾಕ್ ಯಾವುದೂ ನಡೆಯಲ್ಲ, ಅವು ಮುನ್ಸೂಚನೆ ಕೊಡದೆ ಪುಡಿಯಾಗತ್ತೆ. ಸ್ಟ್ಯಾಂಡ್ ಮೇಲೆ ನಿಂತಿದ್ರೂ ಬಿಚ್ಚಿದ ಚಕ್ರನ ಗಾಡಿ ಕೆಳಗೆ ತಳ್ಳಿಡಿ. ಇಂಜಿನ್ ಎತ್ತೋಕೆ ಇಂಜಿನ್ ಕ್ರೇನ್ ಬಾಡಿಗೆಗೆ ತನ್ನಿ, ಮನೆಯ ಕಾಂಕ್ರೀಟ್ ಬೀಮಿಗೆ ಚೈನ್ ಬ್ಲಾಕ್ ಕಟ್ಟೋ ಯೋಚನೆ ಇದ್ರೆ ಬಿಟ್ಬಿಡಿ. ಒಬ್ಬರೇ ಇದ್ದಾಗ ಗಾಡಿ ಕೆಳಗೆ ಹೋಗಲೇಬೇಡಿ, ಇದು ನನ್ನ ಮಗನಿಗೂ ಹೇಳೋ ಮಾತು.

ಇನ್ನೊಂದು ಧೂಳು. ನಿಮ್ಮ ರಸ್ತೇಲಿ ಒಂದಲ್ಲ ಒಂದು ಮನೆ ಕಟ್ತಾನೇ ಇರ್ತಾರೆ, ಗ್ರಾನೈಟ್ ಕಟ್ ಮಾಡೋ ಮಷಿನ್ ಶುರುವಾದ್ರೆ ಆ ಬಿಳಿ ಪುಡಿ ಹತ್ತು ಮನೆ ದಾಟಿ ಬರತ್ತೆ. ಅದು ಬೇರಿಂಗ್‌ಗೆ ಉಪ್ಪುಕಾಗದ ಇದ್ದ ಹಾಗೆ. ತೆರೆದ ಬ್ಲಾಕ್, ಹೆಡ್, ಕ್ರ್ಯಾಂಕ್ ಯಾವುದನ್ನೂ ಐದು ನಿಮಿಷಕ್ಕೂ ಮುಚ್ಚದೆ ಬಿಡಬೇಡಿ, ದೊಡ್ಡ ಪ್ಲಾಸ್ಟಿಕ್ ಕವರ್ ಹಾಕಿ ರಬ್ಬರ್ ಬ್ಯಾಂಡ್ ಬಿಗೀರಿ. ಒರೆಸೋಕೆ ಬನಿಯನ್ ವೇಸ್ಟ್ ಬೇಡ, ಅದರ ನೂಲು ಆಯಿಲ್ ದಾರಿಗೆ ಹೋಗಿ ಸಿಕ್ಕೊಳ್ಳತ್ತೆ.

ಬಿಚ್ಚುವಾಗ ಬೋಲ್ಟ್‌ಗಳನ್ನ ಒಂದು ಡಬ್ಬಿಗೆ ಸುರಿಯೋ ಅಭ್ಯಾಸ ಇರತ್ತೆ ನಮ್ಮವರಿಗೆ. ಬೇಡ. ಹಳೇ ರಟ್ಟಿನ ಡಬ್ಬ ಬಿಚ್ಚಿ ಅದರ ಮೇಲೆ ಆಯಾ ಭಾಗದ ಚಿತ್ರ ಬರೆದು, ಬೋಲ್ಟ್ ಎಲ್ಲಿತ್ತೋ ರಟ್ಟಲ್ಲೂ ಅಲ್ಲೇ ತೂತು ಮಾಡಿ ಚುಚ್ಚಿಡಿ. ಆಯಿಲ್ ಸಂಪ್, ವಾಟರ್ ಪಂಪ್, ಗೇರ್‌ಬಾಕ್ಸ್ ಜೋಡಣೆ, ಇಲ್ಲೆಲ್ಲಾ ನೋಡೋಕೆ ಒಂದೇ ಥರ ಇರೋ ಬೋಲ್ಟ್ 5 ಎಂಎಂ ಉದ್ದ ಕಮ್ಮಿ ಜಾಸ್ತಿ ಇರತ್ತೆ, ಉದ್ದದ್ದನ್ನ ಗಿಡ್ಡ ತೂತಿಗೆ ಹಾಕಿ ಬಿಗಿದ್ರೆ ಅಲ್ಯೂಮಿನಿಯಂ ಸೀಳಿಹೋಗತ್ತೆ. ವೈರಿಂಗ್ ಕನೆಕ್ಟರ್‌ಗೆ ಟೇಪ್ ಸುತ್ತಿ ನಂಬರ್ ಬರೀರಿ, ಫೋಟೋ ತೆಗೀರಿ, ಫೋಟೋದಲ್ಲಿ ಅಕ್ಕಪಕ್ಕದ ಭಾಗನೂ ಕಾಣ್ಬೇಕು, ಇಲ್ಲಾಂದ್ರೆ ಮೂರು ತಿಂಗಳು ಬಿಟ್ಟು ನೋಡಿದಾಗ ಇದು ಯಾವ ಮೂಲೆ ಅಂತ ನಿಮಗೇ ತಿಳಿಯಲ್ಲ. ಮೂರು ತಿಂಗಳು ಅಂತ ಸುಮ್ನೆ ಹೇಳ್ತಿಲ್ಲ. ಇಳಿಸೋದು ಒಂದು ವೀಕೆಂಡು, ಫಿಯಟ್ ಪಾರ್ಟ್ಸ್‌ಗೆ ಕಾಯೋದೇ ತಿಂಗಳುಗಟ್ಲೆ. ಗಾಡಿ ಮಾರಾಟ ನಿಂತು ವರ್ಷಗಳಾಯ್ತಲ್ಲ, ಹಂಗಾಗಿ ಗ್ಯಾಸ್ಕೆಟ್ ಸೆಟ್, ಹೆಡ್ ಬೋಲ್ಟ್, ಟೈಮಿಂಗ್ ಬೆಲ್ಟ್ ಕಿಟ್ ಎಲ್ಲಾ ಕೈಗೆ ಬಂದ ಮೇಲೇ ಮೊದಲ ಬೋಲ್ಟ್ ಸಡಿಲಿಸಿ. ಶಿವಾಜಿನಗರ ಗುಜರೀಲಿ ಬ್ರ್ಯಾಕೆಟ್ಟು, ಕ್ಲಿಪ್ಪು, ಡೋರ್ ಹ್ಯಾಂಡಲ್ ಹುಡುಕಿ, ಬೇರಿಂಗ್, ರಿಂಗ್ ಥರದ್ದು ಅಲ್ಲಿ ತಗೋಬೇಡಿ.

ಈಗ ಅಳತೆ ವಿಷಯ, ನನ್ನ ಪ್ರಕಾರ ಮನೆ ಕೆಲಸ ಗೆಲ್ಲೋದೂ ಸೋಲೋದೂ ಇಲ್ಲೇ. ಬ್ಲಾಕ್ ಬೋರಿಂಗ್ (ಸಿಲಿಂಡರ್ ಕೊರೆಯೋದು), ಹೋನಿಂಗ್ (ಅದರ ಒಳಗೋಡೆ ಉಜ್ಜೋದು), ಹೆಡ್ ಫೇಸಿಂಗ್ (ಹೆಡ್ ಮಟ್ಟ ಮಾಡೋದು) ಮನೇಲಿ ಆಗಲ್ಲ, ಪೀಣ್ಯದಲ್ಲಿ ಒಳ್ಳೇ ಮಷಿನ್ ಶಾಪ್‌ಗಳಿವೆ. ಆದ್ರೆ ಪಿಸ್ಟನ್ ಕೈಗೆ ಬರೋಕೆ ಮುಂಚೆ ಬ್ಲಾಕ್ ಕೊಡಬೇಡಿ, ಆ ಪಿಸ್ಟನ್ ಅಳೆದೇ ಬೋರ್ ಮಾಡ್ಬೇಕು. ಫೋರ್ಜ್ಡ್ ಪಿಸ್ಟನ್ ಬಿಸಿಯಾದಾಗ ಕಾಸ್ಟ್ (ಎರಕ ಹೊಯ್ದ) ಪಿಸ್ಟನ್‌ಗಿಂತ ಜಾಸ್ತಿ ಹಿಗ್ಗತ್ತೆ, ಅದಕ್ಕೆ ಜಾಸ್ತಿ ಗ್ಯಾಪ್ ಬೇಕು, ಎಷ್ಟು ಅಂತ ಪಿಸ್ಟನ್ ಜೊತೆ ಬಂದ ಚೀಟೀಲಿ ಇರತ್ತೆ, ಆ ಚೀಟಿನೂ ಪಿಸ್ಟನ್ ಜೊತೆ ಕೊಡಿ. ಕೆಲಸ ಮುಗಿಸಿ ಕೊಟ್ಟಾಗ "ಎಲ್ಲಾ ಪಕ್ಕಾ ಸರ್" ಅಂತಾರೆ, ಇರಬಹುದು, ಆದ್ರೂ ಮನೇಲಿ ನೀವೂ ಅಳೀರಿ.

ರಿಂಗ್ ಗ್ಯಾಪ್ ಹೆಂಗೆ ಅಂದ್ರೆ, ರಿಂಗನ್ನ ಪಿಸ್ಟನ್‌ಗೆ ಹಾಕದೆ ಬರೀ ರಿಂಗ್ ಮಾತ್ರ ಸಿಲಿಂಡರ್ ಒಳಗೆ ಇಟ್ಟು, ಪಿಸ್ಟನ್ ತಲೆಕೆಳಗು ಮಾಡಿ ಅದರಿಂದ ಒಂದಿಂಚು ಕೆಳಗೆ ನೇರವಾಗಿ ತಳ್ಳಿ, ಆಮೇಲೆ ಎರಡು ತುದಿ ಮಧ್ಯೆ ಫೀಲರ್ ಗೇಜ್ ತೂರಿಸಿ. ನಿಮ್ಮ ಇಂಜಿನ್ ಬೋರ್ 72 ಎಂಎಂ, ಟರ್ಬೋ ಇರೋ ರಸ್ತೆ ಗಾಡಿಗೆ ಮೇಲಿನ ರಿಂಗ್ ಗ್ಯಾಪ್ ಸುಮಾರು 0.36 ಎಂಎಂ ಹತ್ತಿರ ಬರತ್ತೆ, ನಿಮ್ಮ ಪಿಸ್ಟನ್ ಕಂಪನಿ ಬೇರೆ ಲೆಕ್ಕ ಕೊಟ್ಟಿದ್ರೆ ಅದೇ ಕೊನೇ ಮಾತು. ಕಮ್ಮಿ ಇದ್ರೆ ಬಿಸಿಗೆ ರಿಂಗ್ ಹಿಗ್ಗಿ ತುದಿಗೆ ತುದಿ ಒತ್ತಿಕೊಂಡು ಪಿಸ್ಟನ್‌ನ ರಿಂಗ್ ಕೂರೋ ಅಂಚನ್ನೇ ಕಿತ್ತುಹಾಕತ್ತೆ. ಸ್ವಲ್ಪ ಜಾಸ್ತಿ ಇದ್ರೆ ಒಂಚೂರು ಪ್ರೆಷರ್ ಸೋರತ್ತೆ ಅಷ್ಟೇ. ತಪ್ಪೋದಾದ್ರೆ ಜಾಸ್ತಿ ಕಡೆಗೇ ತಪ್ಪಲಿ. ಫೈಲ್ ಉಜ್ಜುವಾಗ ಒಂದೇ ದಿಕ್ಕಿಗೆ, ಹೊರಗಿಂದ ಒಳಕ್ಕೆ ಉಜ್ಜಿ, ಪ್ರತಿ ನಾಲ್ಕು ಎಳೆತಕ್ಕೊಮ್ಮೆ ಅಳೀರಿ, ಬೆರಳಿಗೆ ಚುಚ್ಚೋ ಬರ್ರ್ ಉಳಿದಿದ್ರೆ ಸಣ್ಣ ಕಲ್ಲಲ್ಲಿ ತೆಗೀರಿ. ಎಂಟು ರಿಂಗ್‌ಗೆ ನನಗೆ ಒಂದು ಭಾನುವಾರ ಪೂರ್ತಿ ಬೇಕಾಗತ್ತೆ, ಇಷ್ಟು ವರ್ಷ ಆದ್ಮೇಲೂ.

ಬೇರಿಂಗ್‌ಗೆ ಪ್ಲಾಸ್ಟಿಗೇಜ್ ಅಂತ ಮೇಣದ ದಾರದ ಥರ ಒಂದು ಬರತ್ತೆ. ಕ್ರ್ಯಾಂಕ್ ಮೇಲೆ ಅದರ ತುಂಡಿಟ್ಟು ಬೇರಿಂಗ್ ಕ್ಯಾಪ್ ಹಾಕಿ ಪೂರ್ತಿ ಟಾರ್ಕ್ ಕೊಟ್ಟು (ಮ್ಯಾನ್ಯುಯಲ್ ಹೇಳಿದಷ್ಟು ಬಿಗಿದು), ಕ್ರ್ಯಾಂಕ್ ಒಂಚೂರೂ ತಿರುಗಿಸದೆ ಮತ್ತೆ ಕ್ಯಾಪ್ ಬಿಚ್ಚಿದ್ರೆ ದಾರ ಚಪ್ಪಟೆಯಾಗಿರತ್ತೆ, ಪ್ಯಾಕೆಟ್ ಮೇಲಿನ ಗುರುತಿಗೆ ಹಿಡಿದು ನೋಡಿದ್ರೆ ಗ್ಯಾಪ್ ಗೊತ್ತಾಗತ್ತೆ. ಅಗಲ ಆದಷ್ಟೂ ಗ್ಯಾಪ್ ಕಮ್ಮಿ. ಒಂದೇ ಕ್ಯಾಪ್‌ನಲ್ಲಿ ಒಂದು ತುದಿ ಅಗಲ ಇನ್ನೊಂದು ತುದಿ ಸಣ್ಣ ಇದ್ರೆ ಕ್ರ್ಯಾಂಕ್ ಓರೆ ಸವೆದಿದೆ ಅಂತ, ಹೊಸ ಬೇರಿಂಗ್ ಹಾಕಿದ್ರೂ ಅದು ಸರಿಹೋಗಲ್ಲ, ವಾಪಸ್ ಮಷಿನ್ ಶಾಪ್‌ಗೇ.

ಹೆಡ್ ಬೋಲ್ಟ್ ಬಗ್ಗೆ ನನ್ನ ಅನುಭವ ಹೇಳ್ಲೇಬೇಕು. ಬ್ಲಾಕ್ ತೊಳೆದು ಒಣಗಿಸಿದೀನಿ ಅಂದ್ಕೊಂಡು ಹೆಡ್ ಕೂರಿಸಿದೆ, ಬೋಲ್ಟ್ ತೂತಿನ ತಳದಲ್ಲಿ ನೀರೂ ಆಯಿಲ್ಲೂ ಸೇರಿ ಒಂದಿಷ್ಟು ನಿಂತಿತ್ತು, ನನಗೆ ಕಾಣ್ಲಿಲ್ಲ. ದ್ರವ ಒತ್ತಿದ್ರೆ ಕುಗ್ಗಲ್ಲ ನೋಡಿ, ಬೋಲ್ಟ್ ಆ ನೀರಿನ ಮೇಲೆ ಒತ್ತಿಕೊಂಡು ನಿಂತಿತು, ಟಾರ್ಕ್ ರೆಂಚ್ ಕ್ಲಿಕ್ ಅಂತು, ನಾನು ಬಿಗಿಯಾಯ್ತು ಅಂದ್ಕೊಂಡೆ, ಹೆಡ್ ಮಾತ್ರ ಗ್ಯಾಸ್ಕೆಟ್ ಮೇಲೆ ಒತ್ತೇ ಇರ್ಲಿಲ್ಲ. 300 ಕಿಮೀ ಓಡಿಸಿದ್ಮೇಲೆ ನೆಲಮಂಗಲ ದಾಟಿದಾಗ ಹಿಂದೆ ಬಿಳಿ ಹೊಗೆ, ಟೆಂಪರೇಚರ್ ಮುಳ್ಳು ಮೇಲೆ. ನನ್ನ ಅದೃಷ್ಟ, ಬ್ಲಾಕ್ ಸೀಳಲಿಲ್ಲ, ಎಷ್ಟೋ ಸಲ ಸೀಳತ್ತೆ. ಅವತ್ತಿಂದ ಪ್ರತಿ ತೂತಿಗೂ ಸಿರಿಂಜ್ ಹಾಕಿ ಎಳೆದು, ಕಡ್ಡಿಗೆ ಬಟ್ಟೆ ಸುತ್ತಿ ಒರೆಸಿ, ಕನ್ನಡಕ ಹಾಕ್ಕೊಂಡು ಏರ್ ಹೊಡೆದು, ಟಾರ್ಚ್ ಬಿಟ್ಟು ತಳ ನೋಡಿದ ಮೇಲೇ ಬೋಲ್ಟ್ ಇಳಿಸೋದು.

ಟಾರ್ಕ್ ಕೊಟ್ಟ ಮೇಲೆ ಇಷ್ಟು ಡಿಗ್ರಿ ತಿರುಗಿಸಿ ಅಂತ ಮ್ಯಾನ್ಯುಯಲ್‌ನಲ್ಲಿ ಯಾಕೆ ಹಾಕಿರ್ತಾರೆ ಅಂತ ಕೆಲವರು ಕೇಳ್ತಾರೆ. ನಾವು ಕೊಡೋ ಬಲದಲ್ಲಿ ಸುಮಾರು 90 ಪರ್ಸೆಂಟ್ ಬೋಲ್ಟ್ ತಲೆ ಕೆಳಗಿನ ಉಜ್ಜಾಟಕ್ಕೂ ಥ್ರೆಡ್ ಉಜ್ಜಾಟಕ್ಕೂ ಹೋಗತ್ತೆ, ಬೋಲ್ಟ್ ಎಳೆಯೋಕೆ ಉಳಿಯೋದು ಹತ್ತೇ ಪರ್ಸೆಂಟ್. ಥ್ರೆಡ್ಡಲ್ಲಿ ಸ್ವಲ್ಪ ಕೊಳೆ ಇದ್ರೂ ಆ ಹತ್ತರಲ್ಲಿ ಅರ್ಧ ಹೋಯ್ತು. ಡಿಗ್ರಿ ಲೆಕ್ಕದಲ್ಲಿ ತಿರುಗಿಸಿದ್ರೆ ಉಜ್ಜಾಟ ಎಷ್ಟೇ ಇರ್ಲಿ ಬೋಲ್ಟ್ ಅಷ್ಟೇ ಉದ್ದ ಹಿಗ್ಗತ್ತೆ. ಒಮ್ಮೆ ಹಾಗೆ ಹಿಗ್ಗಿದ ಬೋಲ್ಟ್ ಮತ್ತೆ ಹಾಕ್ಬೇಡಿ, ಹೊಸದೇ ಹಾಕಿ.

ಟೈಮಿಂಗ್ ಬೆಲ್ಟ್‌ಗೆ ಈ ಇಂಜಿನ್‌ನಲ್ಲಿ ಕ್ಯಾಮ್ (ವಾಲ್ವ್ ತೆಗೆದು ಮುಚ್ಚಿಸೋ ಶಾಫ್ಟ್) ಲಾಕ್ ಮಾಡೋ ಟೂಲ್ ಬೇಕು, ವೈಟ್ನರ್‌ನಲ್ಲಿ ಗೆರೆ ಎಳೆದು ಕೂರಿಸೋ ಕೆಲಸ ಬೇಡ, ಟೂಲ್ ಎರವಲಾದ್ರೂ ತನ್ನಿ. ಬೆಲ್ಟ್ ಕೂರಿಸಿ ಟೂಲ್ ತೆಗೆದ ಮೇಲೆ ಸ್ಪ್ಯಾನರ್ ಹಾಕಿ ಕ್ರ್ಯಾಂಕನ್ನ ಕೈಯಲ್ಲೇ ಎರಡು ಸುತ್ತು ಪೂರ್ತಿ ತಿರುಗಿಸಿ, ಎಲ್ಲಾದ್ರೂ ಗಟ್ಟಿ ಅಡ್ಡ ಸಿಕ್ರೆ ಅಲ್ಲೇ ನಿಲ್ಲಿಸಿ, ಬಲ ಹಾಕ್ಬೇಡಿ, ವಾಲ್ವ್ ಪಿಸ್ಟನ್‌ಗೆ ತಾಗ್ತಿರಬಹುದು. ಸಂಪ್‌ಗೆ ಸೀಲೆಂಟ್ ತೆಳ್ಳಗೆ ಒಂದು ಎಳೆ ಸಾಕು, ಪೇಸ್ಟ್ ಥರ ಮೆತ್ತಿದ್ರೆ ಹೊರಗೆ ಉಬ್ಬಿರೋಷ್ಟೇ ಒಳಗೂ ಉಬ್ಬಿರತ್ತೆ, ಅದು ಕಿತ್ತುಬಂದು ಆಯಿಲ್ ಪಂಪ್ ಜಾಲರಿ ಮುಚ್ಚಿದ್ರೆ ನಿಮ್ಮ ಮೂರು ತಿಂಗಳ ಕೆಲಸ ಮೂರು ನಿಮಿಷಕ್ಕೆ ಮುಗೀತು.

ಮೊದಲ ಸ್ಟಾರ್ಟ್‌ಗೆ ಆತುರ ಬೇಡ. ಟರ್ಬೋ ಆಯಿಲ್ ಪೈಪ್ ಹಾಕೋ ಮುಂಚೆ ಆ ತೂತಿಗೆ ಆಯಿಲ್ ಬಿಟ್ಟು ಒಳಗಿನ ಚಕ್ರನ ಬೆರಳಲ್ಲಿ ತಿರುಗಿಸಿ. ಪ್ಲಗ್ ಇಲ್ದೆ, ಪಂಪ್ ಫ್ಯೂಸ್ ತೆಗೆದು, ಆಯಿಲ್ ಲೈಟ್ ಆರೋವರೆಗೂ ಸ್ವಲ್ಪ ಸ್ವಲ್ಪ ಕ್ರ್ಯಾಂಕ್ ಮಾಡಿ, ಸ್ಟಾರ್ಟರ್‌ಗೆ ಮಧ್ಯೆ ರೆಸ್ಟ್ ಕೊಡಿ. ಪಕ್ಕದಲ್ಲಿ ಬೆಂಕಿ ಆರಿಸೋ ಸಿಲಿಂಡರ್ ಇಟ್ಕೊಳಿ, ಗೇಟ್ ತೆಗೆದಿರಲಿ. ಸ್ಟಾರ್ಟ್ ಆದ್ಮೇಲೆ ಗಂಟೆಗಟ್ಲೆ ಐಡಲ್‌ನಲ್ಲಿ ಬಿಡಬೇಡಿ, ಹೊಸ ರಿಂಗ್ ಬೋರ್‌ಗೆ ಹೊಂದಿಕೊಳ್ಳೋಕೆ ಲೋಡ್ ಬೇಕು, ಸೋರಿಕೆ ಇಲ್ಲ ಅಂತ ನೋಡ್ಕೊಂಡು ಬೆಳಿಗ್ಗೆ ಖಾಲಿ ರಸ್ತೇಲಿ ಮಧ್ಯಮ ಆಕ್ಸಿಲರೇಟರ್ ಕೊಟ್ಟು, ಗೇರಲ್ಲೇ ಬಿಟ್ಟು ನಿಧಾನ ಆಗೋಕೆ ಬಿಟ್ಟು, ಹಿಂಗೇ ಮಾಡಿ. 50 ಕಿಮೀಗೆ ಆಯಿಲೂ ಫಿಲ್ಟರೂ ಬದಲಾಯಿಸಿ, ಹಳೇ ಫಿಲ್ಟರ್ ಕತ್ತರಿಸಿ ಒಳಗೆ ಹೊಳೆಯೋ ಚೂರು ಇದ್ಯಾ ನೋಡಿ.

ಇಂಜಿನ್ ಇಳಿಸಿದಾಗ ಹೇಗೂ ಸಸ್ಪೆನ್ಷನ್ ಆರ್ಮ್ ಬಿಚ್ಚಿರ್ತೀರಿ, ಅಲ್ಲೊಂದು ಸಣ್ಣ ವಿಷಯ. ಆರ್ಮ್ ಬುಷ್ ಬೋಲ್ಟನ್ನ ಚಕ್ರ ಗಾಳೀಲಿ ನೇತಾಡುವಾಗ ಪೂರ್ತಿ ಬಿಗೀಬೇಡಿ. ಹಾಗೆ ಬಿಗಿದ್ರೆ ಗಾಡಿ ಇಳಿಸಿದಾಗ ಬುಷ್ ರಬ್ಬರ್ ತಿರುಚಿಕೊಂಡೇ ಕೂರತ್ತೆ, ನಮ್ಮ ಹಂಪ್‌ಗಳ ಮೇಲೆ ಕೆಲವೇ ತಿಂಗಳಲ್ಲಿ ಹರಿದು ಟಕ್ ಟಕ್ ಶುರು. ಗಾಡಿ ತೂಕ ಚಕ್ರದ ಮೇಲೆ ಬಂದಾಗ ಕೊನೇ ಟಾರ್ಕ್ ಕೊಡಿ.

ಇನ್ನು ಪವರ್. ನಿಮ್ಮ 1368 ಸಿಸಿ ಟಿ-ಜೆಟ್ ಇಂಜಿನ್ ನಮ್ಮಲ್ಲೇ ಫಿಯಟ್ ಲೀನಿಯಾದಲ್ಲಿ 114 ಪಿಎಸ್‌ಗೆ (ಹೆಚ್ಚುಕಮ್ಮಿ ಎಚ್‌ಪಿನೇ) ಬಂದಿತ್ತು, ನಿಮ್ಮ ಗಾಡೀಲಿ 145, ಯುರೋಪಿನ ಅಬಾರ್ತ್ 595 ಕಾಂಪಿಟಿಜಿಯೋನೆಯಲ್ಲಿ ಇದೇ ಸೈಜಿನ ಇಂಜಿನ್ ದೊಡ್ಡ ಟರ್ಬೋ ಜೊತೆ 180. ಅಂದ್ರೆ 180ಕ್ಕೆ ಕಂಪನಿಯವರೇ ವಾರಂಟಿ ಕೊಟ್ಟು ಮಾರಿದಾರೆ. ಅದರ ಕೆಳಗೆ ನಿಲ್ಲೋದಾದ್ರೆ ಚೆನ್ನಾಗಿರೋ ಇಂಜಿನ್‌ಗೆ ಫೋರ್ಜ್ಡ್ ಪಿಸ್ಟನ್ ಖರ್ಚು ನನ್ನ ಲೆಕ್ಕದಲ್ಲಿ ದಂಡ. ಆ ದುಡ್ಡು ಟೈರಿಗೆ, ಬ್ರೇಕ್ ಪ್ಯಾಡಿಗೆ, ಹೊಸ ಡಾಟ್ 4 ಬ್ರೇಕ್ ಆಯಿಲ್‌ಗೆ ಹಾಕಿ. ಡಾಟ್ 4 ಹೊಸದಾಗಿದ್ದಾಗ ಕುದಿಯೋದು 230 ಡಿಗ್ರಿ ಮೇಲೆ, ತೇವ ಎಳ್ಕೊಂಡ ಮೇಲೆ ಅದು 155ರ ತನಕ ಇಳಿಯಬಹುದು, ನಂದಿಬೆಟ್ಟ ಇಳಿಯುವಾಗ ಪೆಡಲ್ ಸ್ಪಂಜಿನ ಥರ ಆಗೋದು ಇದರಿಂದ್ಲೇ.

ಇಂಜಿನ್ ಕಂಪ್ಯೂಟರ್‌ಗೆ ಹಾಕೋ ಟ್ಯೂನಿಂಗ್ ಫೈಲನ್ನ (ಮ್ಯಾಪ್) ಎಲ್ಲಿಂದಲೋ ತರಿಸಿ ಹಾಕ್ಬೇಡಿ. ಯುರೋಪಲ್ಲಿ 98 ಆಕ್ಟೇನ್ ಪೆಟ್ರೋಲ್‌ಗೆ ಮಾಡಿದ ಮ್ಯಾಪ್ ಇಲ್ಲಿಯ ಸಾದಾ ಪೆಟ್ರೋಲ್‌ಗೆ ನಾಕ್ ಹೊಡೆಯತ್ತೆ, ಅಂದ್ರೆ ಸಿಲಿಂಡರ್ ಒಳಗೆ ಪೆಟ್ರೋಲ್ ಹದ ತಪ್ಪಿ ಸಿಡಿಯತ್ತೆ. ಆಗಲೇ ಹೇಳಿದ ನಮ್ಮ ಎತ್ತರ ಇಲ್ಲೂ ಬರತ್ತೆ: ಚೆನ್ನೈಯಲ್ಲಿ ಸಿಗೋ ಅಷ್ಟೇ ಗಾಳಿ ಇಂಜಿನ್‌ಗೆ ಸಿಗ್ಬೇಕು ಅಂದ್ರೆ ಇಲ್ಲಿ ಟರ್ಬೋ ಇನ್ನೂ ಜೋರಾಗಿ ತಿರುಗಬೇಕು, ಗಾಳಿ ಇನ್ನೂ ಬಿಸಿಯಾಗತ್ತೆ, ಸಣ್ಣ ಟರ್ಬೋ ಬೇಗ ಸುಸ್ತಾಗತ್ತೆ. ಜೊತೆಗೆ ಈಗ ಬಂಕಲ್ಲಿ ಸಿಗೋದು ಇ20, 20 ಪರ್ಸೆಂಟ್ ಎಥನಾಲ್ ಬೆರೆಸಿದ ಪೆಟ್ರೋಲ್. ತೂಕದ ಲೆಕ್ಕದಲ್ಲಿ ಒಂದು ಭಾಗ ಬರೀ ಪೆಟ್ರೋಲ್‌ಗೆ 14.7 ಭಾಗ ಗಾಳಿ ಬೇಕಿದ್ರೆ ಇದಕ್ಕೆ ಸುಮಾರು 13.5 ಸಾಕು, ಅಂದ್ರೆ ಅಷ್ಟೇ ಗಾಳಿಗೆ 8-9 ಪರ್ಸೆಂಟ್ ಜಾಸ್ತಿ ಪೆಟ್ರೋಲ್ ಹೋಗ್ಬೇಕು, ಇಂಜೆಕ್ಟರೂ ಪಂಪೂ ಮೊದಲೇ ಕೊನೇ ಹಂತದಲ್ಲಿದ್ರೆ ಫುಲ್ ಬೂಸ್ಟ್‌ನಲ್ಲಿ (ಟರ್ಬೋ ಪೂರ್ತಿ ಗಾಳಿ ಒತ್ತುವಾಗ) ಪೆಟ್ರೋಲ್ ಸಾಲದೆ ಪಿಸ್ಟನ್ ಸುಡತ್ತೆ. ಗಾಳಿ-ಪೆಟ್ರೋಲ್ ಹದ ತೋರಿಸೋ ವೈಡ್‌ಬ್ಯಾಂಡ್ ಮೀಟರ್ ಹಾಕಿ, ರೀಡಿಂಗ್ ಲ್ಯಾಂಬ್ಡಾದಲ್ಲಿ (ಯಾವ ಪೆಟ್ರೋಲ್ ಆದ್ರೂ ಸರಿಯಾದ ಹದಕ್ಕೆ 1 ತೋರಿಸೋ ಲೆಕ್ಕ) ನೋಡಿ, ಇಲ್ಲೇ ಡೈನೋ (ಪವರ್ ಅಳೆಯೋ ಮಷಿನ್) ಮೇಲೆ, ನೀವು ದಿನಾ ಹಾಕ್ಸೋ ಪೆಟ್ರೋಲಲ್ಲೇ ಟ್ಯೂನ್ ಮಾಡ್ಸಿ. ಹಳೇ ಫ್ಯೂಯಲ್ ಹೋಸ್ ತೆಗೆದು ಆರ್9 ಅಂತ ಮಾರ್ಕ್ ಇರೋ ಇಂಜೆಕ್ಷನ್ ಹೋಸ್ ಹಾಕಿ.

ಕಾನೂನು ಮುಚ್ಚಿಟ್ಟು ಹೇಳಲ್ಲ. ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52ರ ಪ್ರಕಾರ ಆರ್‌ಸಿಲಿರೋ ವಿವರ ಕಂಪನಿ ಕೊಟ್ಟ ಮೂಲ ವಿವರಕ್ಕಿಂತ ಬೇರೆ ಆಗೋ ಹಾಗೆ ಗಾಡಿ ಬದಲಾಯಿಸೋ ಹಂಗಿಲ್ಲ, 2019ರ ಜನವರೀಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಹೇಳ್ತು. ಅದೇ ವರ್ಷದ ತಿದ್ದುಪಡಿಯಲ್ಲಿ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಇಲ್ಲಾ 6 ತಿಂಗಳವರೆಗೆ ಜೈಲು, ಅಥವಾ ಎರಡೂ ಅಂತ ಬಂತು. ದಂಡಕ್ಕಿಂತ ನನಗೆ ಚಿಂತೆ ಇನ್ಶೂರೆನ್ಸ್‌ದು, ಹೇಳದೆ ಮಾಡಿದ ಬದಲಾವಣೆ ಆಕ್ಸಿಡೆಂಟ್ ಆದ್ಮೇಲೆ ಸರ್ವೇಯರ್ ಕಣ್ಣಿಗೆ ಬಿದ್ರೆ ಕ್ಲೇಮ್ ನಿಲ್ಲಬಹುದು, ಎದುರಿನವರಿಗೂ ಕಷ್ಟ ನಿಮಗೂ ಕಷ್ಟ. ಹಾಗಾಗಿ ನನ್ನ ಸಲಹೆ: ದಿನಾ ಓಡಿಸೋ ಗಾಡಿ ಆಗಿ ಇರಬೇಕು ಅಂದ್ರೆ ಒಳ್ಳೇ ಕಂಡೀಷನ್‌ನ 145 ಪಿಎಸ್‌ಗೇ ತಂದು ನಿಲ್ಲಿಸಿ, ಕ್ಯಾಟಲಿಟಿಕ್ ಕನ್ವರ್ಟರ್ ಮುಟ್ಟಬೇಡಿ. 200 ಬೇಕೇ ಬೇಕು ಅಂದ್ರೆ ಅದನ್ನ ಟ್ರ್ಯಾಕ್ ಗಾಡಿ ಮಾಡಿ, ಫ್ಲಾಟ್‌ಬೆಡ್ ಮೇಲೆ ಹೇರಿಸಿ ಶ್ರೀಪೆರಂಬುದೂರು ಹತ್ತಿರದ ಇರುಂಗಾಟ್ಟುಕೋಟ್ಟೈ ಟ್ರ್ಯಾಕಿಗೋ ಕೊಯಮತ್ತೂರಿನ ಕರಿ ಸ್ಪೀಡ್‌ವೇಗೋ ತಗೊಂಡು ಹೋಗಿ. ನೈಸ್ ರೋಡಲ್ಲಿ ರಾತ್ರಿ ಟೆಸ್ಟ್ ಮಾಡೋ ಯೋಚನೆ ಇದ್ರೆ ದಯವಿಟ್ಟು ಬೇಡ, ಅಲ್ಲಿ ಲೈಟಿಲ್ಲದೆ ನಿಂತ ಲಾರಿಗೆ ನಿಮ್ಮ ಟರ್ಬೋ ಗೊತ್ತಿರಲ್ಲ.

ಈಗ ಮಾಡ್ಬೇಕಾದ್ದು: ಬರೋ ಭಾನುವಾರ ಇಂಟರ್‌ಕೂಲರ್ ಪೈಪ್, ಬ್ರೀದರ್ ಪೈಪ್ ಬಿಚ್ಚಿ ನೋಡಿ, ಕಂಪ್ರೆಷನ್ ಗೇಜ್ ಹಾಕಿ ನಾಲ್ಕೂ ಸಿಲಿಂಡರ್ ರೀಡಿಂಗ್ ಬರ್ಕೊಳಿ, ಆಯಿಲ್ ಬಿಟ್ಟ ಮೇಲಿನ ರೀಡಿಂಗೂ ಪಕ್ಕದಲ್ಲಿ ಬರೀರಿ, 1000 ಕಿಮೀಗೆ ಎಷ್ಟು ಎಂಎಲ್ ಆಯಿಲ್ ಟಾಪ್‌ಅಪ್ ಮಾಡ್ತಿದೀರ ಅದನ್ನೂ ಸೇರ್ಸಿ ನನಗೆ ಕಳಿಸಿ. ಅದು ಬಂದ ಮೇಲೆ ಇಂಜಿನ್ ಇಳಿಸ್ಬೇಕೋ, ಬರೀ ವಾಲ್ವ್ ಸೀಲ್ ಸಾಕೋ ಹೇಳ್ತೀನಿ. ಪಿಸ್ಟನ್‌ಗೆ ಅಡ್ವಾನ್ಸ್ ಮಾತ್ರ ಅಲ್ಲೀವರೆಗೂ ಕೊಡಬೇಡಿ.